ರಿಲೀವರ್ ಯಾರು?

ಏಪ್ರಿಲ್ 28, 2025, ಸೋಮವಾರ

ಮೆಟ್ರನ್ ಕಚೇರಿಯಿಂದ ಇನ್ನೊಂದು ಸುತ್ತೋಲೆ. ನೋಂದಣಿ ನವೀಕರಣ ಹತ್ತಿರ ಬಂದವರೆಲ್ಲ ತರಬೇತಿ ಗಂಟೆಗಳ ಲೆಕ್ಕ ಒಪ್ಪಿಸಬೇಕಂತೆ. ಐದು ವರ್ಷಕ್ಕೆ 150 ಗಂಟೆ ಎಂದು ಭಾರತೀಯ ಶುಶ್ರೂಷಾ ಪರಿಷತ್ತು ಗೊತ್ತುಮಾಡಿದೆ. ಅದಕ್ಕೆ ನನ್ನ ತಕರಾರಿಲ್ಲ. ನಾನು ಜಿಎನ್‌ಎಂ ಓದುವಾಗ ಹೃದಯ ನಿಂತವರ ಎದೆ ಒತ್ತಲು ಕಲಿಸಿದ ಲೆಕ್ಕ ಹದಿನೈದು ಒತ್ತಿಗೆ ಎರಡು ಉಸಿರು. 2005ರಲ್ಲಿ ಅದು ಮೂವತ್ತಕ್ಕೆ ಎರಡಾಯಿತು. ಈಗ ನಿಮಿಷಕ್ಕೆ 100ರಿಂದ 120 ಸಲ, ಆಳ ಐದು ಸೆಂಟಿಮೀಟರಿಗೆ ಕಡಿಮೆಯಾಗಬಾರದು, ಆರು ದಾಟಬಾರದು. ಓದು ಮುಗಿಸಿದ ವರ್ಷದಲ್ಲೇ ನಿಂತುಬಿಟ್ಟ ಸಿಸ್ಟರ್ ಕೈಗೆ ನಮ್ಮ ಮನೆಯವರನ್ನು ಒಪ್ಪಿಸಲು ನನಗೂ ಧೈರ್ಯವಿಲ್ಲ.

ತಕರಾರಿರುವುದು ಆ ಗಂಟೆಗಳು ಎಲ್ಲಿಂದ ಹುಟ್ಟಬೇಕು ಎಂಬುದಕ್ಕೆ. ಯಾವ ವಾರ್ಡಿನಿಂದ ಯಾರನ್ನು ಕಳಿಸಿ ಎಂದು ಕೇಳಿದರೂ ಇನ್‌ಚಾರ್ಜ್‌ಗಳದ್ದು ಒಂದೇ ಮಾತು: "ರಿಲೀವರ್ ಯಾರು?" ಅವರ ಜಾಗಕ್ಕೆ ನಿಲ್ಲುವ ರಿಲೀವರ್ ಇಲ್ಲ. ಆದ್ದರಿಂದ ತರಬೇತಿ ಬೀಳುವುದು ವಾರದ ರಜೆಯ ಮೇಲೆ, ಇಲ್ಲವೇ ನೈಟ್ ಮುಗಿಸಿದ ಬೆಳಿಗ್ಗೆಯ ಮೇಲೆ. ನೈಟ್ ಮುಗಿಸಿದವರು ಹಿಂದೆ ಕೂತರೆ ನಿದ್ದೆ ಬರುತ್ತದೆಂದು ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಮುಂದೆಯೂ ಬರುತ್ತದೆ. ಪಾಠ ಹೇಳುವವಳಾದ ನನಗೆ ವೇದಿಕೆಯಿಂದ ಎಲ್ಲ ಕಾಣುತ್ತದೆ, ಎಬ್ಬಿಸುವುದಿಲ್ಲ. ಕೊನೆಗೆ ಉಪ್ಪಿಟ್ಟು, ಪ್ರಮಾಣಪತ್ರ, ಗ್ರೂಪ್ ಫೋಟೊ. ಆರು ಗಂಟೆ ಜಮಾ.

ಮೇ 5, ಸೋಮವಾರ

ಕೈ ಸ್ವಚ್ಛತೆಯ ದಿನ. ಗ್ಲೌಸ್ ಬೇಕಾಗಬಹುದು, ಬೇಡದಿರಬಹುದು, ಕೈ ತೊಳೆಯುವುದು ಮಾತ್ರ ಯಾವಾಗಲೂ ಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಈ ವರ್ಷದ ಮಾತು. ಸರಿಯಾಗಿ ಹಿಡಿದಿದ್ದಾರೆ. ಕೋವಿಡ್ ಹೋದರೂ ಅದು ಬಿಟ್ಟುಹೋದ ಗ್ಲೌಸಿನ ಚಾಳಿ ಹೋಗಿಲ್ಲ. ಅದೇ ಜೋಡಿಯಲ್ಲಿ ನಾಲ್ಕನೇ ಬೆಡ್ಡು, ಅದರಲ್ಲೇ ಹನ್ನೊಂದನೇ ಬೆಡ್ಡು. ಕಾಪಾಡುತ್ತಿರುವುದು ಸಿಸ್ಟರನ್ನು ಮಾತ್ರ.

ಕೈ ತೊಳೆಯಬೇಕಾದ ಐದು ಸಂದರ್ಭಗಳ ಚಾರ್ಟು ತೋರಿಸಿ, ರಬ್ ಹಾಕಿದರೆ 20ರಿಂದ 30 ಸೆಕೆಂಡು, ಸೋಪಾದರೆ 40ರಿಂದ 60 ಎಂದು ಹೇಳಿ ಮುಗಿಸುವಷ್ಟರಲ್ಲಿ ಮೆಡಿಕಲ್ ವಾರ್ಡಿನ ಬ್ರದರ್ ಒಬ್ಬ ಎದ್ದು ನಿಂತ. "ಮೇಡಂ, ನನಗೆ ಇಪ್ಪತ್ತು ರೋಗಿ. ಒಬ್ಬೊಬ್ಬರ ಹತ್ತಿರ ಆರು ಸಲ ಕೈ ಉಜ್ಜಬೇಕಾದರೂ ನೂರಿಪ್ಪತ್ತು ಸಲ. ಇಪ್ಪತ್ತು ಸೆಕೆಂಡಿನ ಹಾಗೆ ನಲವತ್ತು ನಿಮಿಷ. ಯಾವ ರೋಗಿಯ ಪಾಲಿನಿಂದ ಕಡಿಯಲಿ?" ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅವನ ಗುಣಾಕಾರ ಸರಿಯಾಗಿತ್ತು. ಸಾಮಾನ್ಯ ವಾರ್ಡಿನಲ್ಲಿ ಆರು ರೋಗಿಗೆ ಒಬ್ಬರು ಎಂಬ ಕೇಂದ್ರದ ಹಳೆಯ ಸೂತ್ರವೇ ನಡೆದರೂ ಅದು ಹನ್ನೆರಡು ನಿಮಿಷಕ್ಕೆ ಇಳಿಯುತ್ತದೆ. ಚಾರ್ಟು ಬರೆದವರಿಗೆ ಆರು ರೋಗಿಗಳ ವಾರ್ಡು ಕಂಡಿರಬೇಕು.

ಮೇ 9, ಶುಕ್ರವಾರ

ನಿನ್ನೆ ರಾತ್ರಿ ಸೂಪರ್‌ವೈಸರ್ ಪಾಳಿ. ಒಂದು ಗಂಟೆಯ ಸುಮಾರಿಗೆ ತಾಲ್ಲೂಕಿನಿಂದ 108ರಲ್ಲಿ ಒಬ್ಬ ಚೊಚ್ಚಲ ಬಸುರಿ ಬಂದಳು. ದಾರಿಯಲ್ಲೇ ಒಮ್ಮೆ ಫಿಟ್ಸ್ ಬಂದಿದೆ. ಬಿಪಿ 170/110. ಡಾಕ್ಟರು ಥಿಯೇಟರಿನಲ್ಲಿ ಬೇರೊಂದು ಸಿಸೇರಿಯನ್‌ಗೆ ನಿಂತವರು, ಬಾಗಿಲಿಂದಲೇ "ಮ್ಯಾಗ್‌ಸಲ್ಫ್ ಲೋಡಿಂಗ್ ಶುರು ಮಾಡಿ" ಎಂದರು.

ಹೆರಿಗೆ ಟೇಬಲ್ಲಿನ ಹತ್ತಿರ ಇದ್ದವಳು ಹೊಸದಾಗಿ ಸೇರಿದ ರಾಯಚೂರಿನ ಹುಡುಗಿ. ಬಿಎಸ್ಸಿ ನರ್ಸಿಂಗ್, ಒಳ್ಳೆ ಅಂಕ. ಫಿಟ್ಸ್ ತಡೆಯುವ ಆ ಮದ್ದಿನ ಪ್ರಿಚರ್ಡ್ ಕ್ರಮ ಬಾಯಿಪಾಠ: ರಕ್ತನಾಳಕ್ಕೆ ನಾಲ್ಕು ಗ್ರಾಂ, ಎರಡೂ ಕುಂಡೆಗೆ ಐದೈದು ಗ್ರಾಂ. ಆದರೆ ಕೈಗೆ ಸಿಗುವುದು ಗ್ರಾಂ ಅಲ್ಲವಲ್ಲ, ಆಂಪೂಲು. ಎರಡು ಎಂಎಲ್‌ನ ಒಂದು ಆಂಪೂಲಿನಲ್ಲಿ ಒಂದು ಗ್ರಾಂ. "ಮೇಡಂ, ಕೈ ನಡಗಾಕತ್ತಾವ್ರೀ" ಎಂದಳು. ನಡುಗಲಿ, ನಾನು ಒಡೆಯುತ್ತೇನೆ, ನೀನು ಎಳೆ ಎಂದೆ. ನಾಲ್ಕು ಆಂಪೂಲು, ಎಂಟು ಎಂಎಲ್, ಮೇಲೆ ಹನ್ನೆರಡು ಎಂಎಲ್ ಸಲೈನ್, ಒಟ್ಟು ಇಪ್ಪತ್ತು. ಗಡಿಯಾರ ನೋಡಿಕೊಂಡು ಐದು ನಿಮಿಷಕ್ಕೆ ಕಡಿಮೆಯಿಲ್ಲದೆ ನಿಧಾನ ಕೊಟ್ಟಳು. ಆಮೇಲೆ ಒಂದೊಂದು ಕಡೆಗೆ ಐದೈದು ಆಂಪೂಲು, ನೋವು ತಡೆಯಲು ಒಂದಿಷ್ಟು ಲಿಗ್ನೊಕೇನ್. ಹದಿನಾಲ್ಕು ಆಂಪೂಲು ಒಡೆಯುವುದು ಎಷ್ಟು ಹೊತ್ತಿನ ಕೆಲಸ ಎಂದು ಯಾವ ಪಠ್ಯಪುಸ್ತಕದಲ್ಲೂ ಬರೆದಿರುವುದಿಲ್ಲ.

ನಾಲ್ಕು ಗಂಟೆ ಬಿಟ್ಟು ಮುಂದಿನ ಡೋಸ್. ಅದಕ್ಕೆ ಮುಂಚೆ ಮೂರು ಪರೀಕ್ಷೆ: ಉಸಿರು ನಿಮಿಷಕ್ಕೆ ಹದಿನಾರಾದರೂ ಇರಬೇಕು, ಮೂತ್ರ ಗಂಟೆಗೆ ಮೂವತ್ತು ಎಂಎಲ್ ಆದರೂ ಬರಬೇಕು, ಮೊಣಕಾಲು ತಟ್ಟಿದರೆ ಎಗರಬೇಕು. ಎಗರದಿದ್ದರೆ ಮದ್ದು ಮೈಯಲ್ಲಿ ಹೆಚ್ಚಾಗಿದೆ, ಮುಂದಿನ ಸರದಿ ಉಸಿರಿನದು. ಮದ್ದಿಗೆ ಮದ್ದು ಕ್ಯಾಲ್ಸಿಯಂ ಗ್ಲುಕೊನೇಟ್, ಅದನ್ನು ಸಿರಿಂಜ್ ಸಮೇತ ತಲೆದೆಸೆಯಲ್ಲೇ ಇಡಿಸಿದೆ. "ನೀ ಜರ್ಕ್ ನೋಡಿದ್ದೀಯಾ?" ಎಂದರೆ ಹುಡುಗಿ ತಲೆತಗ್ಗಿಸಿದಳು. ಕಾಲೇಜಿನ ಗೊಂಬೆಯ ಮೊಣಕಾಲು ಎಗರುವುದಿಲ್ಲ, ಪಾಪ. ವಾರ್ಡಿನಲ್ಲಿ ಸುತ್ತಿಗೆಯೂ ಇಲ್ಲ. ಅಂಗೈಯ ಅಂಚಿನಿಂದ ಚಿಪ್ಪಿನ ಕೆಳಗೆ ಹೊಡೆಯುವುದನ್ನು ಮೊದಲು ನನ್ನ ಕಾಲಿನ ಮೇಲೆ ಮಾಡಿಸಿದೆ. ನನ್ನ ಕಾಲು ಒದೆದ ರಭಸಕ್ಕೆ ಬಕೆಟ್ಟು ಉರುಳಿತು. ಆಮೇಲೆ ಅವಳದೇ ಕಾಲು. ಆಮೇಲೆ ರೋಗಿಯದು.

ಮನೆಯಲ್ಲಿದ್ದ ಹಿರಿಯ ಡಾಕ್ಟರಿಗೆ ಫೋನ್ ಮಾಡಿಸಿದ್ದೂ ಅವಳಿಂದಲೇ. "ಪೇಷಂಟ್ ಸೀರಿಯಸ್ ಇದಾರೆ ಸರ್" ಎಂದು ಶುರು ಮಾಡಬೇಡ ಅಂದೆ. ಈಗ ಏನಾಗಿದೆ, ಹಿಂದೆ ಏನಿತ್ತು, ನೀನು ಏನು ಕಂಡೆ, ನಿನಗೆ ಅವರಿಂದ ಏನಾಗಬೇಕು. ನಾಲ್ಕು ಮಾತು. ಅಮೆರಿಕದ ನೌಕಾದಳದ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗೆ ಬಂದ ರೂಢಿಯಂತೆ ಇದು. ರಾತ್ರಿ ಎರಡಕ್ಕೆ ಹಿರಿಯರನ್ನು ಎಬ್ಬಿಸುವ ಭಯ ಎಲ್ಲ ಕಡೆಯೂ ಒಂದೇ ಇರಬೇಕು. ಹಿರಿಯರು ಬಂದರು. ಬೆಳಗಿನ ಹೊತ್ತಿಗೆ ಹೆಣ್ಣುಮಗು. ತಾಯಿ ಹೈ ಡಿಪೆಂಡೆನ್ಸಿ ವಾರ್ಡಿನಲ್ಲಿದ್ದಾಳೆ.

ಇದಕ್ಕೆಲ್ಲ ಒಂದು ತಾಸು ಹಿಡಿಯಿತು. ಸೂಪರ್‌ವೈಸರ್ ಯಾವ ವಾರ್ಡಿನ ಲೆಕ್ಕಕ್ಕೂ ಸೇರುವುದಿಲ್ಲವಾದ್ದರಿಂದ ನಾನು ನಿಲ್ಲಬಹುದಾಯಿತು. ಆ ಹೊತ್ತಿನಲ್ಲಿ ಬೇರೆ ಕಡೆಯಿಂದ ಕರೆ ಬಂದಿದ್ದರೆ ಹುಡುಗಿ ಒಬ್ಬಳೇ.

ಮೇ 12, ಸೋಮವಾರ

ದಾದಿಯರ ದಿನ. ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿ 205 ವರ್ಷ. ದೀಪ, ಪ್ರತಿಜ್ಞೆ, ರಂಗೋಲಿ ಸ್ಪರ್ಧೆ. ನರ್ಸ್‌ಗಳನ್ನು ಚೆನ್ನಾಗಿ ನೋಡಿಕೊಂಡರೆ ದೇಶದ ಆರ್ಥಿಕತೆಗೇ ಬಲ ಎಂಬುದು ಅಂತರರಾಷ್ಟ್ರೀಯ ದಾದಿಯರ ಪರಿಷತ್ತಿನ ಈ ವರ್ಷದ ಘೋಷವಾಕ್ಯ. ಮುಖ್ಯ ಅತಿಥಿಗಳು ಅದನ್ನು ಓದಿ, ಮುಂದಿನ ವಾಕ್ಯದಲ್ಲೇ ತಾಯಿಯ ತ್ಯಾಗಕ್ಕೆ ಹೋದರು. ತ್ಯಾಗದ ಮಾತು ಶುರುವಾದರೆ ಸಂಬಳದ ಮಾತು ಮುಗಿಯಿತು ಎಂದು ಲೆಕ್ಕ. ಖಾಸಗಿ ಆಸ್ಪತ್ರೆಗಳ ವಿಷಯಕ್ಕೆ ಸುಪ್ರೀಂ ಕೋರ್ಟ್ ಹೇಳಿ ಕೇಂದ್ರ ನೇಮಿಸಿದ ಸಮಿತಿ 2016ರಲ್ಲೇ ಹೇಳಿತ್ತು: 200ಕ್ಕಿಂತ ಹೆಚ್ಚು ಹಾಸಿಗೆಯಿದ್ದರೆ ಸರ್ಕಾರಿ ನರ್ಸಿನಷ್ಟೇ ಸಂಬಳ, 50ಕ್ಕಿಂತ ಕಡಿಮೆಯಿದ್ದರೂ 20,000 ರೂಪಾಯಿಗೆ ಇಳಿಯಬಾರದು. ನನ್ನ ತಂಗಿ ಖಾಸಗಿಯಲ್ಲಿದ್ದಾಳೆ. ಅವಳ ಮುಂದೆ ಈ ಅಂಕಿ ಎತ್ತುವುದನ್ನು ನಿಲ್ಲಿಸಿದ್ದೇನೆ.

ಕೇಕ್ ಕತ್ತರಿಸುವ ಹೊತ್ತಿಗೆ ಸರ್ಜಿಕಲ್ ವಾರ್ಡಿನ ಗುತ್ತಿಗೆ ಹುಡುಗಿಗೆ ಸೂಜಿ ಚುಚ್ಚಿತ್ತು. ಸಂಜೆಯವರೆಗೂ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಮುಂದಿನ ವರ್ಷ ಗುತ್ತಿಗೆ ಮುಂದುವರಿಸುವುದಿಲ್ಲ ಎಂದು ಯಾರೋ ಹೆದರಿಸಿದ್ದರಂತೆ. ಎಚ್‌ಐವಿಗೆ ತಡೆಮಾತ್ರೆ ಆದಷ್ಟು ಬೇಗ ಶುರುವಾಗಬೇಕು, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ, ಒಮ್ಮೆ ಶುರು ಮಾಡಿದರೆ 28 ದಿನ. ನಾನೇ ಎಆರ್‌ಟಿ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಆ ಸೂಜಿ ಬಳಸಿದ್ದ ರೋಗಿಯ ಪರೀಕ್ಷೆ ಮಾಡಿಸಿದೆವು, ಏನೂ ಇಲ್ಲ ಎಂದು ಬಂತು. ಆದರೆ ಹುಡುಗಿಗೆ ಹೆಪಟೈಟಿಸ್ ಬಿ ಲಸಿಕೆಯ ಮೂರನೇ ಡೋಸ್ ಆಗಿರಲಿಲ್ಲ. ಜೈವಿಕ ವೈದ್ಯಕೀಯ ತ್ಯಾಜ್ಯದ 2016ರ ನಿಯಮಗಳಲ್ಲಿ ಇದೆ: ಸಿಬ್ಬಂದಿಗೆ ಲಸಿಕೆ ಹಾಕಿಸುವುದು ಆಸ್ಪತ್ರೆಯ ಹೊಣೆ, ಸೇರುವಾಗ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ತರಬೇತಿ. ಗುತ್ತಿಗೆಯವರಿಗೆ ಬೇಡ ಎಂದು ಎಲ್ಲೂ ಇಲ್ಲ. ಏಜೆನ್ಸಿಯವನು "ಅದು ಆಸ್ಪತ್ರೆ ಕಡೆಯಿಂದ" ಎನ್ನುತ್ತಾನೆ, ಆಸ್ಪತ್ರೆಯವರು "ಅದು ಏಜೆನ್ಸಿ ಕಡೆಯಿಂದ" ಎನ್ನುತ್ತಾರೆ.

ಮೇ 18, ಭಾನುವಾರ

ನರ್ಸ್ ಅರುಣಾ ಶಾನಭಾಗ ತೀರಿಕೊಂಡು ಇವತ್ತಿಗೆ ಹತ್ತು ವರ್ಷ. ಹಳದೀಪುರದವಳು. ನಮ್ಮ ಕರ್ಕಿಯ ಪಕ್ಕದ ಊರು. ನಾನು ನರ್ಸಿಂಗ್‌ಗೆ ಸೇರುತ್ತೇನೆಂದಾಗ ಅಜ್ಜಿ ಆಡಿದ ಮೊದಲ ಮಾತೇ ಆ ಹೆಸರು. ಹೊನ್ನಾವರದ ಕಡೆಯ ಎಷ್ಟು ಮನೆಗಳಲ್ಲಿ ಆ ಹೆಸರು ಹುಡುಗಿಯರ ದಾರಿ ತಡೆದಿರಬೇಕೋ.

ಮುಂಬೈಯ ಕೆಇಎಂ ಆಸ್ಪತ್ರೆ, 1973ರ ನವೆಂಬರ್ 27. ಡ್ಯೂಟಿ ಮುಗಿಸಿ ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುತ್ತಿದ್ದಾಗ ಅಲ್ಲಿನದೇ ಕೆಲಸಗಾರ ನಾಯಿಯ ಸರಪಣಿಯನ್ನು ಕತ್ತಿಗೆ ಬಿಗಿದು ಲೈಂಗಿಕ ದೌರ್ಜನ್ಯ ಎಸಗಿದ. ಅವನಿಗೆ ಶಿಕ್ಷೆಯಾದದ್ದು ದರೋಡೆ ಮತ್ತು ಕೊಲೆಯತ್ನಕ್ಕೆ ಮಾತ್ರ. ಮಿದುಳಿಗೆ ಹಾನಿಯಾಗಿ ಅವಳು 2015ರವರೆಗೆ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ. ನಾಲ್ಕು ದಶಕ ಅವಳಿಗೆ ಉಣ್ಣಿಸಿ, ಮೀಯಿಸಿ, ಮಗ್ಗುಲು ಬದಲಿಸಿದವರು ನರ್ಸ್‌ಗಳು. ಒಂದು ತಂಡ ನಿವೃತ್ತಿಯಾಗುವಾಗ ಮುಂದಿನ ತಂಡಕ್ಕೆ ಹ್ಯಾಂಡ್‌ಓವರ್. 2011ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ದಯಾಮರಣದ ಅರ್ಜಿಯಲ್ಲಿ ಬೇಡವೆಂದು ನಿಂತವರೂ ಅವರೇ. ಅದರ ಸರಿತಪ್ಪು ಬೇರೆ ಮಾತು. ವೃತ್ತಿಯ ಕಣ್ಣಿಗೆ ನನಗೆ ಕಾಣುವುದು, ಅಷ್ಟು ವರ್ಷ ಮಲಗಿದವಳಿಗೆ ಬೆನ್ನುಹುಣ್ಣಾಗದಂತೆ ನೋಡಿಕೊಂಡದ್ದು. ಅದು ಕೈಯಿಂದ ಕೈಗೆ ಕಲಿಸಿಕೊಟ್ಟ ವಿದ್ಯೆ. ಯಾರ 150 ಗಂಟೆಯಲ್ಲೂ ಅದರ ಜಮೆಯಿಲ್ಲ.

ಆವಾಗಲೂ ಮುಂಬೈಯ ನರ್ಸ್‌ಗಳು ಮುಷ್ಕರ ಹೂಡಿ ಕೇಳಿದ್ದು ದುಡಿಯುವ ಜಾಗದಲ್ಲಿ ಭದ್ರತೆ. ಕಳೆದ ಆಗಸ್ಟಿನಲ್ಲಿ ಕೋಲ್ಕತ್ತದ ಆರ್‌ಜಿ ಕರ್ ಆಸ್ಪತ್ರೆಯ ವೈದ್ಯೆಯ ಕೊಲೆ ಪ್ರಕರಣವಾದ ಮೇಲೆ ನಮ್ಮಲ್ಲೂ ಸಿಸಿ ಕ್ಯಾಮೆರಾ ಬಂದವು, ಸಮಿತಿ ಆಯಿತು. ಆದರೆ ಮೂರನೇ ಮಹಡಿಯಲ್ಲಿ ಬಟ್ಟೆ ಬದಲಿಸುವ ಕೋಣೆ ಎಂದರೆ ಲಿನನ್ ಸ್ಟೋರು. ಅದಕ್ಕೆ ಇನ್ನೂ ಚಿಲಕ ಬಿದ್ದಿಲ್ಲ. ಒಬ್ಬಳು ಒಳಗಿದ್ದರೆ ಇನ್ನೊಬ್ಬಳು ಬಾಗಿಲಿಗೆ ಒರಗಿ ನಿಲ್ಲುತ್ತಾಳೆ. ಅಲ್ಲೂ ರಿಲೀವರ್ ಬೇಕು.

ಮೇ 24, ಶನಿವಾರ

ಐಸಿಯುನಲ್ಲಿ ವಿಷ ಕುಡಿದಿದ್ದ ಹುಡುಗ ಹೋದ. ಪಿಯುಸಿ ಓದುತ್ತಿದ್ದನಂತೆ. ಒಂದು ವಾರ ಅವನ ಕಫ ತೆಗೆದ, ಅಟ್ರೋಪಿನ್ ಲೆಕ್ಕ ಬರೆದ ಸಿಸ್ಟರೇ ಶವ ಒರೆಸಿ ಕಟ್ಟಿದಳು. ಗಂಟೆಯೊಳಗೆ ಅದೇ ಬೆಡ್ಡಿಗೆ ಇನ್ನೊಬ್ಬರು. ಅವಳಿಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರು ಕೊಡಬಹುದಿತ್ತು. ಒಳ್ಳೆಯ ಸೇವೆ, ನಮ್ಮ ನಿಮ್ಹಾನ್ಸಿನವರೇ ಅದರ ಬೆನ್ನಿಗಿದ್ದಾರೆ. ಆದರೆ ಆ ಹೊತ್ತಿಗೆ ಬೇಕಾಗಿದ್ದದ್ದು ಹತ್ತು ನಿಮಿಷ ಕೂರಲು ಜಾಗ ಮತ್ತು ಆ ಹತ್ತು ನಿಮಿಷ ಮಾನಿಟರ್ ನೋಡಲು ಒಂದು ಜೀವ. ನಾನು ನಿಂತೆ, ಅವಳು ಕೂತಳು. ಏನೂ ಮಾತಾಡಲಿಲ್ಲ, ಚಹಾ ಕುಡಿದು ಎದ್ದಳು.

ಅಲ್ಲಿಂದ ಬರುವಾಗ ಇನ್ನೊಂದು ಕಂಡಿತು. ಊಟದ ಕೋಣೆಯಲ್ಲಿ ಇಬ್ಬರು ಇಯರ್‌ಫೋನ್ ಸಿಕ್ಕಿಸಿಕೊಂಡು ಜರ್ಮನ್ ಓದುತ್ತಿದ್ದರು. ಬಿ1 ಮುಗಿದಿದೆ, ಬಿ2 ಬಾಕಿ. ಮತ್ತೊಬ್ಬಳು ಇಂಗ್ಲೆಂಡಿಗೆಂದು ಒಇಟಿ ಇಂಗ್ಲಿಷ್ ಪರೀಕ್ಷೆಗೆ. ಸ್ವಂತ ದುಡ್ಡು, ಸ್ವಂತ ನಿದ್ದೆ, ಯಾರ ಸುತ್ತೋಲೆಯೂ ಇಲ್ಲ. ನಮ್ಮವರು ಕಲಿಯಲು ಸೋಮಾರಿಗಳು ಎಂದು ಸಭೆಯಲ್ಲಿ ಹೇಳುವವರು ಒಮ್ಮೆ ಆ ಕೋಣೆಗೆ ಬರಬೇಕು. ಜರ್ಮನ್ ಕಲಿತರೆ ಕೊನೆಯಲ್ಲಿ ಒಂದು ಕೆಲಸ, ಒಂದು ಸಂಬಳ ಕಾಣುತ್ತದೆ. ನಾನು ಕಲಿಸಿದ್ದರ ಕೊನೆಯಲ್ಲಿ ಪ್ರಮಾಣಪತ್ರದ ಫೈಲು ದಪ್ಪವಾಗುತ್ತದೆ.

ಮೇ 30, ಶುಕ್ರವಾರ

ರೋಸ್ಟರ್ ಸಭೆ. ತಿಂಗಳಿಂದ ಕೇಳುತ್ತಿದ್ದದ್ದರಲ್ಲಿ ಅರ್ಧ ಸಿಕ್ಕಿತು. ಈಗ ಎರಡು ಗಂಟೆಗೆ ಬೆಳಗಿನವರು ಹೋಗಿ ಮಧ್ಯಾಹ್ನದವರು ಬರುತ್ತಾರೆ, ನಡುವೆ ಉಸಿರಾಡಲು ಜಾಗವಿಲ್ಲ. ಜೂನ್‌ನಿಂದ ಎರಡು ವಾರ್ಡಿನಲ್ಲಿ ಮಧ್ಯಾಹ್ನದವರು ಒಂದೂವರೆಗೆ ಬಂದು ರಾತ್ರಿ ಏಳೂವರೆಗೆ ಹೋಗಬಹುದು. ಬೆಳಗಿನವರು ಮತ್ತು ಅವರು ಒಟ್ಟಿಗಿರುವ ಆ ಅರ್ಧ ತಾಸು ನನ್ನದು. ರಾತ್ರಿಯ ಕಡೆ ಅರ್ಧ ತಾಸು ಬರಿದಾಗುತ್ತದೆ, ಅದನ್ನು ಇನ್‌ಚಾರ್ಜ್ ತುಂಬಬೇಕು. ಅವರು ಒಪ್ಪಿದ್ದು ನನ್ನ ಮುಖ ನೋಡಿ. ಎಷ್ಟು ದಿನ ಎಂದು ಹೇಳಲಾರೆ.

ಗುಮಾಸ್ತರು ಮಾತ್ರ ಒಪ್ಪಲಿಲ್ಲ. ರಾಜ್ಯ ಪರಿಷತ್ತು ಮೊದಲೇ ಒಪ್ಪಿಗೆ ಕೊಟ್ಟ ಕಾರ್ಯಕ್ರಮಕ್ಕೆ ಮಾತ್ರ ಗಂಟೆ ಜಮಾ, ಬೆಡ್ಡಿನ ಪಕ್ಕ ನಿಂತು ಹೇಳಿಕೊಟ್ಟದ್ದಕ್ಕೆ ಕಾಲಂ ಇಲ್ಲ ಎಂದರು. ವಿಷಯ, ವೇಳೆ, ಹಾಜರಿ ಎಲ್ಲ ಬರೆದು ಕೊಡುತ್ತೇನೆ, ಒಪ್ಪಿಗೆಗೆ ನೀವೇ ಕಳಿಸಿ ಎಂದೆ. ಬ್ಯಾನರ್ ಫೋಟೊ ಇಲ್ಲದೆ ಹೇಗೆ ಕಳಿಸುವುದು ಎಂದು ಕೇಳಿದರು. ತಮಾಷೆಗಲ್ಲ.

ಸೋಮವಾರ ಗಂಡಸರ ಮೆಡಿಕಲ್ ವಾರ್ಡಿನಿಂದ ಶುರು. ವಿಷಯ ಇನ್ಸುಲಿನ್. ನಮ್ಮ ವಯಲು ಎಂಎಲ್‌ಗೆ 40 ಯೂನಿಟ್ಟಿನದು. ಕೆಲವು ರೋಗಿಗಳು ಹೊರಗಿನಿಂದ ತರುವ ಸಿರಿಂಜು 100ರದ್ದು. ಅದರಲ್ಲಿ ಇಪ್ಪತ್ತರ ಗೆರೆಗೆ ಎಳೆದರೆ ಒಳಗೆ ಹೋಗುವುದು ಎಂಟೇ ಯೂನಿಟ್ಟು. ಕೆಂಪು ಮುಚ್ಚಳದ್ದು, ಕಿತ್ತಳೆ ಮುಚ್ಚಳದ್ದು ಎರಡೂ ತೆಗೆದಿಟ್ಟುಕೊಂಡಿದ್ದೇನೆ. ಆ ಅರ್ಧ ತಾಸು ವಾರ್ಡಿನ ಫೋನ್ ಯಾರು ಎತ್ತುತ್ತಾರೆ ಎಂದು ನಾಳೆ ಕೇಳಬೇಕು.