ಹೆಣ್ಣುಮಕ್ಕಳಿಗೆ ಛಾಯಾಗ್ರಹಣದ ಶಿಕ್ಷಣ

ಹೆಣ್ಣುಮಕ್ಕಳಿಗೆ ಜೀವನೋಪಾಯದ ವಿದ್ಯೆಗಳಾವುವೆಂದು ವಿಚಾರಿಸಿದರೆ ಹಿರಿಯರು ಸಾಮಾನ್ಯವಾಗಿ ಉಪಾಧ್ಯಾಯ ವೃತ್ತಿ, ದಾದಿಯ ಕೆಲಸ, ಹೊಲಿಗೆ ಇವುಗಳನ್ನು ಹೆಸರಿಸುವರು. ಕಂಪ್ಯೂಟರಿನ ಕೆಲಸವೂ ಈಚೆಗೆ ಆ ಪಟ್ಟಿಗೆ ಸೇರಿದೆ. ಛಾಯಾಗ್ರಹಣವನ್ನು ಹೆಸರಿಸುವವರು ವಿರಳ. ಅದು ಸಿರಿವಂತರ ವಿನೋದವೆಂದು ಕೆಲವರೂ ಗಂಡಸರ ಕಸುಬೆಂದು ಕೆಲವರೂ ತಿಳಿದಿರುವರು. ಎಲ್ಲರ ಕೈಯಲ್ಲಿಯೂ ಫೋನು ಇರುವ ಈ ಕಾಲದಲ್ಲಿ ಅದರಲ್ಲಿ ಕಲಿಯತಕ್ಕದ್ದೇನಿದೆ ಎಂದು ಇನ್ನು ಕೆಲವರು ಕೇಳುವರು. ಈ ಶಾಲೆಯಲ್ಲಿಯೇ ಆ ವಿದ್ಯೆಯನ್ನು ಕಲಿತು, ಅದರಿಂದಲೇ ಇಷ್ಟು ವರ್ಷ ಅನ್ನವುಂಡಿರುವ ನಾವು ನಾಲ್ವರು, ಸಂಚಿಕೆಯ ಸಂಪಾದಕಿಯರ ಅಪೇಕ್ಷೆಯಂತೆ, ನಮ್ಮ ಅನುಭವದಲ್ಲಿ ಬಂದ ಕೆಲವು ಸಂಗತಿಗಳನ್ನು ಇಲ್ಲಿ ನಿವೇದಿಸುತ್ತೇವೆ.

ನಾವು ಒಂಬತ್ತನೆಯ ತರಗತಿಯಲ್ಲಿದ್ದಾಗ, 1993ರಲ್ಲಿ, ವಿಜ್ಞಾನದ ಉಪಾಧ್ಯಾಯಿನಿಯವರು ಶನಿವಾರದ ಮಧ್ಯಾಹ್ನಗಳಲ್ಲಿ ಈ ತರಗತಿಯನ್ನು ಪ್ರಾರಂಭಿಸಿದರು. ಪ್ರಯೋಗಶಾಲೆಯ ಹಿಂದಿನ ಉಗ್ರಾಣವೇ ಕತ್ತಲೆಕೋಣೆಯಾಯಿತು. ಎರಡು ಹಳೆಯ ಕ್ಯಾಮರಾಗಳು, ಒಂದು ಎನ್‌ಲಾರ್ಜರು, ಮೂರು ತಟ್ಟೆಗಳು, ಒಂದು ಕೆಂಪು ದೀಪ. ಇವಿಷ್ಟೇ ನಮ್ಮ ಸಾಮಗ್ರಿ. ಕಲಿಯಬಂದವರು ಹನ್ನೊಂದು ಮಂದಿ.

ಮೊದಲ ತಿಂಗಳು ಕ್ಯಾಮರಾವನ್ನು ನಮ್ಮ ಕೈಗೆ ಕೊಡಲೇ ಇಲ್ಲ. ಒಬ್ಬಳನ್ನು ಕಿಟಕಿಯ ಬಳಿ ಕೂರಿಸಿ, ಬೆಳಗ್ಗೆ ಅವಳ ಮುಖದ ಮೇಲೆ ನೆರಳು ಎಲ್ಲಿ ಬೀಳುತ್ತದೆ, ನಡುಮಧ್ಯಾಹ್ನ ಕಣ್ಣುಗಳು ಏಕೆ ಕುಳಿಗಳಂತೆ ಕಾಣುತ್ತವೆ, ಮೋಡ ಮುಸುಕಿದ ದಿನ ಅದೇ ಮುಖ ಏಕೆ ಮೃದುವಾಗುತ್ತದೆ ಎಂಬುದನ್ನು ನೋಡಿ ಬರೆಯಿಸುತ್ತಿದ್ದರು. ಆಮೇಲೆ ಗಣಿತ ಬಂದಿತು. ಕ್ಯಾಮರಾದ ಕಣ್ಣು ಎಷ್ಟು ತೆರೆಯಬೇಕೆಂಬುದನ್ನು 5.6, 8, 11, 16 ಎಂಬ ಅಂಕೆಗಳು ತಿಳಿಸುತ್ತವೆ. ಒಂದರಿಂದ ಮುಂದಿನದಕ್ಕೆ ಹೋದಂತೆಲ್ಲ ಒಳಬರುವ ಬೆಳಕು ಅರ್ಧವಾಗುತ್ತದೆ. ಕಳೆದುಕೊಂಡ ಆ ಅರ್ಧವನ್ನು ತುಂಬಿಕೊಳ್ಳಬೇಕಾದರೆ ತೆರೆದಿರುವ ಕಾಲವನ್ನು ಇಮ್ಮಡಿ ಮಾಡಬೇಕು. ನಿಚ್ಚಳವಾದ ಬಿಸಿಲಿನಲ್ಲಿ ನೂರರ ವೇಗದ ಫಿಲ್ಮಿಗೆ 16ರ ಅಂಕೆಯನ್ನಿಟ್ಟು ಸೆಕೆಂಡಿನ 125ನೆಯ ಒಂದು ಭಾಗ ಬೆಳಕು ಕೊಟ್ಟರೆ ಸಾಕೆಂಬ ಸೂತ್ರವನ್ನು ನಾವು ಮಗ್ಗಿಯಂತೆ ಬಾಯಿಪಾಠ ಮಾಡಿದೆವು. ಲೆಕ್ಕವೆಂದರೆ ಹೆದರುತ್ತಿದ್ದ ನಮಗೆ ಭಿನ್ನರಾಶಿಯು ಪ್ರಯೋಜನಕ್ಕೆ ಬರುವ ವಸ್ತುವೆಂದು ತಿಳಿದುದು ಅಂದೇ.

ಯಂತ್ರವನ್ನು ನಂಬಿ ಬುದ್ಧಿಯನ್ನು ಬಿಡಬಾರದೆಂಬ ಪಾಠವೂ ಆಗಲೇ ದೊರೆಯಿತು. ಹೇಗೆಂದರೆ, ಬೆಳಕನ್ನು ಅಳೆಯುವ ಮಾಪಕವು ತನ್ನ ಮುಂದಿರುವ ಸಕಲ ವಸ್ತುಗಳನ್ನೂ ನಡುವಣ ಬೂದುಬಣ್ಣದವೆಂದೇ ಭಾವಿಸುತ್ತದೆ. ಬಿಳಿಯ ಸೀರೆಯುಟ್ಟ ಕ್ರೈಸ್ತ ಮದುಮಗಳನ್ನು ಅದು ಹೇಳಿದಂತೆಯೇ ತೆಗೆದರೆ ಸೀರೆಯು ಮಾಸಿದಂತೆ ಬರುವುದು. ಅಲ್ಲಿ ಮಾಪಕ ಹೇಳಿದುದಕ್ಕಿಂತ ಹೆಚ್ಚು ಬೆಳಕು ಕೊಡಬೇಕು. ಕಪ್ಪು ಕೋಟು ಧರಿಸಿದ ವಕೀಲರನ್ನು ತೆಗೆಯುವಾಗ ಕಡಿಮೆ ಮಾಡಬೇಕು. ನಮ್ಮ ನಾಡಿನ ಮೈಬಣ್ಣಗಳು ಅನೇಕ. ಕಪ್ಪು ಮುಖವನ್ನು ಪೌಡರು ಬಳಿದಂತೆ ಬೆಳ್ಳಗೆ ಮಾಡಿ ಕೊಡುವುದು ಚಾತುರ್ಯವಲ್ಲ, ಆ ಮುಖಕ್ಕೆ ಮಾಡುವ ಅಪಮಾನವೆಂದು ನಮ್ಮ ಉಪಾಧ್ಯಾಯಿನಿಯವರು ಹೇಳುತ್ತಿದ್ದ ಮಾತು ಇಂದಿಗೂ ನಮ್ಮ ಅಂಗಡಿಯ ನಿಯಮವಾಗಿದೆ.

ಕತ್ತಲೆಕೋಣೆಯ ಕೆಲಸವು ಇನ್ನೂ ಕಠಿಣ. ಫಿಲ್ಮನ್ನು ತೊಳೆಯುವ ದ್ರಾವಣವು 20 ಡಿಗ್ರಿ ಉಷ್ಣತೆಯಲ್ಲಿರಬೇಕು. ನಮ್ಮ ಕರಾವಳಿಯಲ್ಲಿ ನಲ್ಲಿಯ ನೀರೇ 28 ಡಿಗ್ರಿಯಿರುವುದು. ಆದಕಾರಣ ಮೀನುಪೇಟೆಯಿಂದ ಮಂಜುಗಡ್ಡೆ ತಂದು, ಬೋಗುಣಿಯಲ್ಲಿಟ್ಟು, ಅದರ ನಡುವೆ ಡೆವಲಪರಿನ ಬಾಟಲಿಯನ್ನು ತಣಿಸುತ್ತಿದ್ದೆವು. ಡೆವಲಪರು, ಬಳಿಕ ಹುಳಿನೀರು, ಬಳಿಕ ಹೈಪೋ, ಕಡೆಗೆ ಹರಿಯುವ ನೀರು. ಈ ಕ್ರಮವನ್ನು ಮೀರುವಂತಿಲ್ಲ. ಹೈಪೋವನ್ನು ಚೆನ್ನಾಗಿ ತೊಳೆಯದ ಚಿತ್ರವು ಕೆಲವು ವರ್ಷಗಳಲ್ಲಿ ಹಳದಿಯಾಗಿ ಮಾಸಿಹೋಗುವುದು.

ನಮ್ಮಲ್ಲೊಬ್ಬಳ ತಂದೆ ತೀರಿಹೋಗಿದ್ದರು. ತಾಯಿಯವರು ಬೀಡಿ ಕಟ್ಟಿ ಮೂರು ಮಕ್ಕಳನ್ನು ಸಾಕುತ್ತಿದ್ದರು. ಹತ್ತನೆಯ ತರಗತಿ ಮುಗಿದೊಡನೆ ಮಗಳ ಮದುವೆ ಮಾಡಿಬಿಡಬೇಕೆಂದು ಸೋದರಮಾವನವರ ಒತ್ತಾಯ. ಪಟ ತೆಗೆಯುವ ಕೆಲಸವೆಂದರೆ ಮದುವೆಮನೆಗಳಲ್ಲಿ ಪರಗಂಡಸರ ನಡುವೆ ರಾತ್ರಿಯವರೆಗೂ ನಿಲ್ಲುವ ಕೆಲಸವೆಂಬುದು ಅವರ ಆಕ್ಷೇಪ. ಒಂದು ಶನಿವಾರ ತಾಯಿಯವರು ಮಗಳನ್ನು ತರಗತಿಯಿಂದ ಬಿಡಿಸಿಕೊಂಡು ಹೋಗಲೆಂದೇ ಬಂದರು. ಉಪಾಧ್ಯಾಯಿನಿಯವರು ವಾದಿಸಲಿಲ್ಲ, ಅವರನ್ನು ಒಳಗೆ ಕರೆದು ಕೆಂಪು ದೀಪದ ಕೆಳಗೆ ನಿಲ್ಲಿಸಿಕೊಂಡರು. ಮಗಳು ಬೆಳಕು ಕೊಟ್ಟ ಕಾಗದವನ್ನು ತಟ್ಟೆಯಲ್ಲಿ ಮುಳುಗಿಸಿ ಮೆಲ್ಲನೆ ಅಲುಗಿಸತೊಡಗಿದಳು. ಬಿಳಿಯ ಕಾಗದದ ಮೇಲೆ ಮೊದಲು ಎರಡು ಕೈಗಳು, ಅನಂತರ ಮೊರ, ಅದರಲ್ಲಿದ್ದ ಬೀಡಿ ಎಲೆಗಳು, ಕಟ್ಟಕಡೆಗೆ ಬಗ್ಗಿದ ಮುಖವೊಂದು ಮೂಡಿದುವು. ಅದು ತಾಯಿಯವರದೇ ಚಿತ್ರ. ಅವರು ಬಹಳ ಹೊತ್ತು ಸುಮ್ಮನಿದ್ದು, “ಇದು ಹದದ ಕೆಲಸವಲ್ಲವೋ ಟೀಚರೇ! ಹೊತ್ತು ತಪ್ಪಿದರೆ ಅಡಿಗೆಯಂತೆಯೇ ಕೆಟ್ಟೀತು” ಎಂದರು. ತರಗತಿಯನ್ನು ಬಿಡಿಸಲಿಲ್ಲ. ಒಂದು ಷರತ್ತನ್ನು ಮಾತ್ರ ಹಾಕಿದರು: ಕೆಲಸಕ್ಕೆ ಹೋಗುವುದಾದರೆ ಇಬ್ಬರು ಹುಡುಗಿಯರು ಜೊತೆಯಾಗಿ ಹೋಗಬೇಕು, ಒಬ್ಬಳೇ ಹೋಗಕೂಡದು. ನಿರ್ಬಂಧವೆಂದು ತೋರಿದ ಈ ಷರತ್ತೇ ಮುಂದೆ ನಮ್ಮ ವ್ಯಾಪಾರದ ಬುನಾದಿಯಾಯಿತೆಂಬುದನ್ನು ಓದುಗರು ಕೆಳಗೆ ಕಾಣುವರು.

ಹೆಂಗಸರಿಗೆ ಈ ಕಸುಬು ಹೊಸತೆಂದು ತಿಳಿಯುವುದೂ ಸರಿಯಲ್ಲ. ಪ್ರಸಿದ್ಧ ಛಾಯಾಗ್ರಾಹಕರಾದ ಲಾಲಾ ದೀನದಯಾಳರು 1892ರಲ್ಲಿ ಹೈದರಾಬಾದಿನಲ್ಲಿ ಗೋಷಾ ಸ್ತ್ರೀಯರಿಗಾಗಿಯೇ ಒಂದು ಸ್ಟುಡಿಯೋವನ್ನು ತೆರೆದು, ಅದನ್ನು ಒಬ್ಬ ಆಂಗ್ಲ ಮಹಿಳೆಯ ವಶಕ್ಕೆ ಕೊಟ್ಟಿದ್ದರು. ಇನ್ನು 1913ರಲ್ಲಿ ಗುಜರಾತಿನ ನವಸಾರಿಯಲ್ಲಿ ಜನಿಸಿದ ಹೋಮಾಯಿ ವ್ಯಾರಾವಾಲಾ ಅವರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಅಭ್ಯಾಸ ಮಾಡಿ, ಭಾರತದ ಪ್ರಥಮ ಪತ್ರಿಕಾ ಛಾಯಾಗ್ರಾಹಕಿಯೆನಿಸಿದರು. ಅವರ ಮೊದಮೊದಲಿನ ಚಿತ್ರಗಳು ಗಂಡನ ಹೆಸರಿನಲ್ಲಿ ಅಚ್ಚಾಗುತ್ತಿದ್ದುವು. 1942ರಲ್ಲಿ ದೆಹಲಿಗೆ ಹೋಗಿ, ಸೀರೆಯುಟ್ಟು, ಭಾರವಾದ ಕ್ಯಾಮರಾವನ್ನು ಹೊತ್ತು, ಸ್ವಾತಂತ್ರ್ಯ ಬಂದ ದಿನಗಳ ದೃಶ್ಯಗಳನ್ನು ಅವರು ಸೆರೆಹಿಡಿದರು. 1970ರಲ್ಲಿ ಕೆಲಸವನ್ನು ಬಿಟ್ಟ ಅವರಿಗೆ 2011ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಬಂದಿತು. ಮರುವರ್ಷ ಅವರು ತೀರಿಕೊಂಡರು. ಕ್ರಮವಾದ ಶಿಕ್ಷಣದಿಂದ ಏನಾಗಬಹುದೆಂಬುದಕ್ಕೆ ನಮ್ಮ ನಾಡಿನ ದೃಷ್ಟಾಂತವೂ ಉಂಟು. ಮೈಸೂರಿನಲ್ಲಿ ಹುಟ್ಟಿದ ವಿ. ಕೆ. ಮೂರ್ತಿಯವರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಚಲನಚಿತ್ರ ಛಾಯಾಗ್ರಹಣವನ್ನು ಕಲಿತು 1946ರಲ್ಲಿ ಡಿಪ್ಲೊಮಾ ಪಡೆದವರು. ಛಾಯಾಗ್ರಾಹಕರ ಪೈಕಿ ದಾದಾ ಸಾಹೇಬ್ ಫಾಲ್ಕೆ ಪ್ರಶಸ್ತಿ ಮೊದಲು ಸಂದುದು ಅವರಿಗೇ.

ಶಾಲೆಯಿಂದ ಹೊರಬಿದ್ದ ಮೇಲೆ ನಾವು ಕಂಡ ಲೋಕವು ಇಷ್ಟು ಉದಾರವಾಗಿರಲಿಲ್ಲ. ಪಟ್ಟಣದ ಒಂದು ಸ್ಟುಡಿಯೋದವರು ನಮ್ಮಲ್ಲಿಬ್ಬರನ್ನು ಕೆಲಸಕ್ಕೆ ತೆಗೆದುಕೊಂಡು, ಹುಡುಗರಿಗೆ ಕೊಡುತ್ತಿದ್ದ ಸಂಬಳದ ಅರ್ಧವನ್ನು ಕೊಟ್ಟು, ಕ್ಯಾಮರಾವನ್ನು ಮುಟ್ಟಗೊಡದೆ, ಆಲ್ಬಮ್ಮಿಗೆ ಚಿತ್ರ ಅಂಟಿಸುವುದಕ್ಕೂ ನೆಗೆಟಿವಿನ ಮೇಲೆ ಪೆನ್ಸಿಲಿನಿಂದ ಟಚಿಂಗ್ ಮಾಡುವುದಕ್ಕೂ ಕೂರಿಸಿದರು. ಎರಡು ವರ್ಷ ಹೀಗೆಯೇ ಕಳೆಯಿತು. ಆಗ ನೆರೆಯ ಬ್ಯಾರಿ ಕುಟುಂಬವೊಂದರ ತಾಯಂದಿರು ನಮ್ಮನ್ನು ಹುಡುಕಿಕೊಂಡು ಬಂದರು. ಮದರಂಗಿಯ ರಾತ್ರಿ ಹೆಂಗಸರ ಕೋಣೆಗೆ ಗಂಡಸರು ಬರುವಂತಿಲ್ಲ. ಆದರೆ ಮದುಮಗಳ ಚಿತ್ರ ಬೇಕು. ಇಬ್ಬರು ಹುಡುಗಿಯರು ಜೊತೆಯಾಗಿ ಬರುವರೆಂದು ಕೇಳಿ ಅವರಿಗೆ ಧೈರ್ಯವಾಗಿತ್ತು. ಅದಾದಮೇಲೆ ಕೊಂಕಣಿ ಕ್ರೈಸ್ತರ ಮನೆಗಳ ರೋಸ್, ಬಂಟರ ಮನೆಗಳ ಸೀಮಂತ, ಹೀಗೆ ಒಂದರ ಹಿಂದೊಂದು ಕರೆ ಬಂದಿತು. ಹೈದರಾಬಾದಿನ ಆ ಸ್ಟುಡಿಯೋವನ್ನು ನಡೆಯಿಸಿದ ಅಗತ್ಯವೇ ನೂರು ವರ್ಷಗಳ ತರುವಾಯ ನಮಗೂ ಬಾಗಿಲು ತೆರೆಯಿತು. ಸ್ವಸಹಾಯ ಸಂಘದಿಂದ ಸಾಲವೆತ್ತಿ ನಾಲ್ವರೂ ಸೇರಿ ಅಂಗಡಿಯಿಟ್ಟೆವು.

ಮದುವೆಯ ಕೆಲಸದಲ್ಲಿ ಮುಹೂರ್ತವೇ ಪರೀಕ್ಷೆ. ಮಾಂಗಲ್ಯಧಾರಣೆ ಕೆಲವೇ ಕ್ಷಣಗಳಲ್ಲಿ ಮುಗಿಯುವುದು. ಅದನ್ನು ಮತ್ತೊಮ್ಮೆ ಮಾಡಿಸುವಂತಿಲ್ಲ. ಒಂದು ಸುರುಳಿಯಲ್ಲಿ ಮೂವತ್ತಾರು ಚಿತ್ರಗಳಷ್ಟೇ ಇದ್ದ ಕಾಲದಲ್ಲಿ, ಹತ್ತು ಚಿತ್ರ ಉಳಿದಿದ್ದರೂ ಸರಿಯೆ, ಭಟ್ಟರು ಗಟ್ಟಿಮೇಳಕ್ಕೆ ಕೈಯೆತ್ತುವ ಮುನ್ನವೇ ಹೊಸ ಸುರುಳಿಯನ್ನು ಹಾಕಿಕೊಳ್ಳುತ್ತಿದ್ದೆವು. ಹತ್ತು ಚಿತ್ರದ ನಷ್ಟವನ್ನು ತಾಳಬಹುದು; ಆ ಕ್ಷಣದ ನಷ್ಟವನ್ನು ಯಾರೂ ತುಂಬಿಕೊಡಲಾರರು.

ಆದರೆ ಈ ಕಸುಬಿನ ಗೌರವವನ್ನು ನಮಗೆ ತಿಳಿಸಿದುದು ಮದುವೆಗಳಲ್ಲ, ಪಾಸ್‌ಪೋರ್ಟ್ ಅಳತೆಯ ಸಣ್ಣ ಚಿತ್ರಗಳು. ಪಿಂಚಣಿಯ ಅರ್ಜಿಗೆಂದು ಚಿತ್ರ ತೆಗೆಯಿಸಿಕೊಳ್ಳಲು ಬರುವ ಮುದುಕಿಯರಲ್ಲಿ ಎಷ್ಟೋ ಮಂದಿ ಅದಕ್ಕೆ ಮುಂಚೆ ಎಂದೂ ಕ್ಯಾಮರಾದ ಮುಂದೆ ಕುಳಿತವರಲ್ಲ. ಅಂಥವರೊಬ್ಬರು ಕೆಲಸ ಮುಗಿದ ಮೇಲೆ, “ಮಗಾ, ಇದನ್ನೇ ದೊಡ್ಡದಾಗಿ ಒಂದು ಮಾಡಿಕೊಡು, ನಾನು ಹೋದ ಮೇಲೆ ಮಕ್ಕಳು ಗೋಡೆಗೆ ಹಾಕಲಿ” ಎಂದರು. ಅಂದಿನಿಂದ ಅರ್ಜಿಯ ಚಿತ್ರವಾದರೂ ಸರಿಯೆ, ಸೆರಗನ್ನು ಸರಿಪಡಿಸಿ, ಬೆಳಕನ್ನು ಹೊಂದಿಸಿ, ಮುಖದ ಬಿಗುವು ಸಡಿಲುವ ತನಕ ಮಾತಾಡಿಸಿಯೇ ತೆಗೆಯುತ್ತೇವೆ. ಚಿತ್ರದ ಹಿಂಬದಿಯಲ್ಲಿ ಹೆಸರನ್ನೂ ತಾರೀಖನ್ನೂ ಬರೆಯುತ್ತೇವೆ. ಇದೇ ಶಾಲೆಯ ಹಜಾರದಲ್ಲಿರುವ ಹಳೆಯ ಗುಂಪುಚಿತ್ರಗಳನ್ನು ನೋಡಿರಿ: ಸಾಲಾಗಿ ಕುಳಿತ ಹುಡುಗಿಯರಲ್ಲಿ ಒಬ್ಬಳ ಹೆಸರೂ ಉಳಿದಿಲ್ಲ. ಮುಖ ಉಳಿದು ಹೆಸರು ಅಳಿದರೆ ಅರ್ಧವೇ ಉಳಿದಂತೆ.

ಕಾಲವು ಬದಲಾಯಿತು. ಕೊಡಾಕ್ ಕಂಪೆನಿಯ ಇಂಜಿನಿಯರರೊಬ್ಬರು 1975ರಲ್ಲಿ ಮಾಡಿದ ಡಿಜಿಟಲ್ ಕ್ಯಾಮರಾದ ಸಂತತಿಯೇ ಫಿಲ್ಮನ್ನು ಮೂಲೆಗೆ ತಳ್ಳಿತು. ಅದೇ ಕಂಪೆನಿಯು 2012ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. ನಮ್ಮ ಬೀದಿಯ ಸ್ಟುಡಿಯೋಗಳಲ್ಲಿಯೂ ಹಲವು ಮುಚ್ಚಿದುವು. ನಮ್ಮ ಮಂಜುಗಡ್ಡೆಯ ವಿದ್ಯೆಯೂ ಕೆಲಸಕ್ಕೆ ಬಾರದೆ ಹೋಯಿತು. ಆದರೆ ಕಿಟಕಿಯ ಬಳಿ ಕಲಿತ ಪಾಠವು ಹೋಗಲಿಲ್ಲ. ಡಿಜಿಟಲ್ ಕ್ಯಾಮರಾದ ಮಾಪಕಕ್ಕೂ ಬಿಳಿಯ ಸೀರೆಯು ಬೂದಾಗಿಯೇ ಕಾಣುತ್ತದೆ. ಈಗ ಮನೆಯಲ್ಲಿಯೇ ಸೀರೆ, ಹಪ್ಪಳ, ಒಡವೆಗಳನ್ನು ಮಾಡಿ ಮಾರುವ ಹೆಂಗಸರಿಗೆ ಸರಕಿನ ಚಿತ್ರ ಬೇಕು. ಆಸ್ಪತ್ರೆ, ಪತ್ರಿಕೆ, ವಸ್ತುಸಂಗ್ರಹಾಲಯಗಳಿಗೆ ದಾಖಲೆಯ ಚಿತ್ರ ಬೇಕು. ಚಿತ್ರ ತೆಗೆಯುವವರು ಹೆಚ್ಚಿದ್ದಾರೆ. ಹೇಳಿದ ದಿನ, ಹೇಳಿದ ಗುಣದ ಚಿತ್ರವನ್ನು ತಪ್ಪದೆ ಕೊಡಬಲ್ಲವರು ಹೆಚ್ಚಿಲ್ಲ. ಸಂಬಳ ದೊರೆಯುವುದು ಈ ಎರಡನೆಯವರಿಗೆ.

ಆದಕಾರಣ, ಈ ವೃತ್ತಿಯನ್ನು ಬಯಸುವ ಕಿರಿಯ ಸೋದರಿಯರಿಗೆ ನಮ್ಮ ಸೂಚನೆಗಳು ಇವು. ಮೊದಲು ಹತ್ತನೆಯ ತರಗತಿಯನ್ನು ಚೆನ್ನಾಗಿ ಮುಗಿಸಿರಿ. ಕೈಗಾರಿಕಾ ತರಬೇತಿ ಸಂಸ್ಥೆಗಳ ವೃತ್ತಿಗಳಲ್ಲಿ ಡಿಜಿಟಲ್ ಛಾಯಾಗ್ರಹಣವೂ ಒಂದಾಗಿದೆ. ದುಬಾರಿ ಕ್ಯಾಮರಾಕ್ಕಾಗಿ ಸಾಲ ಮಾಡುವ ಮುಂಚೆ ಇದ್ದುದರಲ್ಲಿಯೇ ಬೆಳಕನ್ನು ಓದಲು ಕಲಿಯಿರಿ. ಲೆಕ್ಕಪುಸ್ತಕವನ್ನು ದಿನವೂ ಬರೆಯಿರಿ. ಮುಂಗಡವಿಲ್ಲದೆ ಕೆಲಸವನ್ನು ಒಪ್ಪಬೇಡಿರಿ. ಕಾನೂನನ್ನು ತಿಳಿದಿರಿ: 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ, ಬೇರೆ ಕರಾರಿಲ್ಲದಿದ್ದರೆ, ಹಣ ಕೊಟ್ಟು ತೆಗೆಯಿಸಿದ ಚಿತ್ರದ ಹಕ್ಕು ತೆಗೆಯಿಸಿದವರದು. ಹೀಗಿರಲು ಮದುಮಗಳ ಚಿತ್ರವನ್ನು ಆಕೆಯ ಮನೆಯವರ ಒಪ್ಪಿಗೆಯಿಲ್ಲದೆ ಅಂಗಡಿಯ ಗಾಜಿನಲ್ಲಿಯಾಗಲಿ ಫೋನಿನಲ್ಲಿಯಾಗಲಿ ಪ್ರದರ್ಶಿಸುವುದು ತಕ್ಕದ್ದಲ್ಲ. ಹೆಂಗಸರು ನಂಬಿ ತಮ್ಮ ಕೋಣೆಗೆ ಬಿಟ್ಟುಕೊಂಡದ್ದೇ ನಮ್ಮ ಬಂಡವಾಳ. ಅದನ್ನು ಒಮ್ಮೆ ಕಳೆದುಕೊಂಡರೆ ಯಾವ ಸಂಘವೂ ಸಾಲವಾಗಿ ಕೊಡದು.

ಶನಿವಾರದ ಆ ತರಗತಿಯು ಉಪಾಧ್ಯಾಯಿನಿಯವರ ನಿವೃತ್ತಿಯೊಂದಿಗೆ ನಿಂತುಹೋಯಿತು. ಅದನ್ನು ಪುನಃ ಪ್ರಾರಂಭಿಸಲು ಆಡಳಿತದವರು ಮನಸ್ಸು ಮಾಡಿದರೆ ತಿಂಗಳಿಗೆರಡು ಶನಿವಾರ ಸಂಬಳವಿಲ್ಲದೆ ಬಂದು ಕಲಿಸಲು ನಾವು ನಾಲ್ವರೂ ಸಿದ್ಧರಿದ್ದೇವೆ. ಹನ್ನೊಂದು ಮಂದಿಯಲ್ಲಿ ನಾಲ್ವರಿಗೆ ಈ ವಿದ್ಯೆಯು ಅನ್ನ ಕೊಟ್ಟಿತು. ಮುಂದಿನ ಹನ್ನೊಂದು ಮಂದಿಯಲ್ಲಿ ಒಬ್ಬಳಿಗೆ ಕೊಟ್ಟರೂ ಆ ಉಗ್ರಾಣದ ಬೀಗವನ್ನು ಮತ್ತೆ ತೆಗೆದ ಶ್ರಮವು ಸಾರ್ಥಕವಾಗುವುದು.