ವರದೆಯ ಉಸುಕು, ವಾರ್ಫ್‌ಡೇಲ್‌ನ ದನಿ

ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಗೆಳೆಯರೊಬ್ಬರಿದ್ದಾರೆ. ಸಜ್ಜನರು, ಮಿತಭಾಷಿಗಳು, ಆದರೆ ಹಳೆಯ ಇಂಗ್ಲಿಷ್ ಧ್ವನಿವರ್ಧಕಗಳ ಮಾತು ಬಂದಿತೆಂದರೆ ಅವರ ಮಿತಿ ಅಲ್ಲಿಗೆ ಮುಗಿಯಿತು. ಟ್ಯಾನಾಯ್, ಕ್ವಾಡ್, ಗುಡ್‌ಮನ್ಸ್, ಲೌದರ್, ವಾರ್ಫ್‌ಡೇಲ್ ಎಂಬ ಹೆಸರುಗಳನ್ನು ಅವರು ಉಚ್ಚರಿಸುವ ಭಕ್ತಿಯಿಂದ ನಮ್ಮ ಅಜ್ಜಂದಿರು ಜ್ಯೋತಿರ್ಲಿಂಗಗಳನ್ನು ಎಣಿಸುತ್ತಿದ್ದರು. ಅವರ ಮನೆಯಲ್ಲಿ ೧೨ ಅಂಗುಲದ ಹಳೆಯ ವಾರ್ಫ್‌ಡೇಲ್ ಒಂದಿದೆ. ಒಂದೇ ಇದೆ. ಜೊತೆಯಿಲ್ಲದ ಎತ್ತಿನಂತೆ ಅದು ಆರು ವರ್ಷಗಳಿಂದ ಮೂಲೆಯಲ್ಲಿ ನಿಂತಿದೆ. ಅದರ ಜೋಡಿ ಶಿಗ್ಗಾಂವಿ ತಾಲೂಕಿನ ಹಿರೇಬೆಂಡಿಗೇರಿಯಲ್ಲಿದೆಯೆಂದು ಹುಬ್ಬಳ್ಳಿಯ ರೇಡಿಯೋ ದುರಸ್ತಿಯವರೊಬ್ಬರು ತಿಳಿಸಿದ ದಿನ ಗೆಳೆಯರು ರಾತ್ರಿ ನಿದ್ದೆ ಮಾಡಲಿಲ್ಲವೆಂದು ಅವರ ಶ್ರೀಮತಿಯವರೇ ನನಗೆ ಹೇಳಿದರು.

ಜನವರಿಯ ಒಂದು ಭಾನುವಾರ ಇಬ್ಬರೂ ಹೊರಟೆವು. ನನಗೆ ಈ ತಾಲೂಕು ಹೊಸದಲ್ಲ. ಕನಕದಾಸರ ಬಾಡವೂ ಶರೀಫಸಾಹೇಬರ ಶಿಶುನಾಳವೂ ಈ ಮಣ್ಣಿನಲ್ಲಿಯೇ ಇವೆ. ಎರಡಕ್ಕೂ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಬಂದವನು. ಆದರೆ ಇಂಗ್ಲೆಂಡಿನ ವಸ್ತುವೊಂದನ್ನು ಅರಸಿ ಇಲ್ಲಿಗೆ ಬರಬೇಕಾದೀತೆಂದು ಎಣಿಸಿರಲಿಲ್ಲ. ಶಿಗ್ಗಾಂವಿಯಲ್ಲಿ ಬಸ್ಸು ಬದಲಾಯಿಸಿದೆವು. ಹತ್ತಿ ಬಿಡಿಸುವ ಕಾಲ. ಹೊಲಗಳಲ್ಲಿ ಹೆಂಗಸರ ಸಾಲು, ಅಂಗಳಗಳಲ್ಲಿ ಗೋವಿನಜೋಳದ ಹಳದಿ ರಾಶಿ.

ದಾರಿಯುದ್ದಕ್ಕೂ ಗೆಳೆಯರು ನನಗೆ ಪಾಠ ಹೇಳಿದರು. ಕಾಗದದ ಶಂಕು, ಅದರ ತುದಿಗೆ ತಾಮ್ರದ ಸುರುಳಿ, ಸುರುಳಿಯ ಸುತ್ತ ಅಯಸ್ಕಾಂತ: ಇಂದಿನ ಧ್ವನಿವರ್ಧಕದ ಮೂಲ ಇಷ್ಟೇ. ೧೯೨೫ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಇದಕ್ಕೊಂದು ಖಚಿತ ರೂಪ ಕೊಟ್ಟರು. ಆದರೆ ಅದಕ್ಕೆ ಸಂಗೀತ ಕಲಿಸಿದವರು ಇಂಗ್ಲಿಷರು ಎಂಬುದು ನನ್ನ ಗೆಳೆಯರ ಪಕ್ಷ. ಅವರ ಆರಾಧ್ಯದೈವ ಗಿಲ್ಬರ್ಟ್ ಬ್ರಿಗ್ಸ್ ಎಂಬಾತ, ಮೂಲತಃ ಬಟ್ಟೆಯ ವ್ಯಾಪಾರಿ. ಯಾರ್ಕ್‌ಶೈರಿನ ಇಲ್ಕ್‌ಲಿ ಎಂಬ ಊರಿನ ತನ್ನ ಮನೆಯ ನೆಲಮಾಳಿಗೆಯಲ್ಲಿ ಧ್ವನಿವರ್ಧಕ ಮಾಡತೊಡಗಿ, ೧೯೩೨ರಲ್ಲಿ ಕಂಪನಿ ತೆರೆದು, ಅದಕ್ಕೆ ತನ್ನ ಊರಿನ ಕಣಿವೆಯ ಹೆಸರನ್ನಿಟ್ಟ. ವಾರ್ಫ್ ಎಂಬುದು ಒಂದು ಹೊಳೆ. ವಾರ್ಫ್‌ಡೇಲ್ ಎಂದರೆ ಆ ಹೊಳೆಯ ಕಣಿವೆ. ೧೯೫೪ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲನ್ನು ಬಾಡಿಗೆಗೆ ಹಿಡಿದು, ವೇದಿಕೆಯ ಮೇಲೆ ಒಮ್ಮೆ ಜೀವಂತ ವಾದಕರನ್ನೂ ಮತ್ತೊಮ್ಮೆ ಅವರ ಧ್ವನಿಮುದ್ರಣವನ್ನೂ ಕೇಳಿಸಿ, ‘ಹೋಲಿಸಿ ನೋಡಿರಿ’ ಎಂದು ತುಂಬಿದ ಸಭೆಗೆ ಸವಾಲು ಹಾಕಿದ ಧೀರ. ತನ್ನ ವಿದ್ಯೆಯನ್ನು ಬಚ್ಚಿಡದೆ, ಮನೆಯಲ್ಲಿಯೇ ಪೆಟ್ಟಿಗೆ ಕಟ್ಟಿಕೊಳ್ಳುವುದು ಹೇಗೆಂದು ಪುಸ್ತಕಗಳನ್ನೂ ಬರೆದ. ಆ ಪುಸ್ತಕಗಳು ಎಲ್ಲೆಲ್ಲಿಗೆ ಹೋದವೋ! ಒಂದಂತೂ ಹುಬ್ಬಳ್ಳಿಗೆ ಬಂದಿತ್ತು.

ನಾವು ಕಾಣಹೋದ ಹಿರಿಯರು ಹುಬ್ಬಳ್ಳಿಯ ರೇಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ವಯಸ್ಸು ಎಪ್ಪತ್ತೆಂಟು. ಮಣ್ಣಿನ ದಪ್ಪ ಗೋಡೆಗಳ ಹಳೆಯ ಮಾಳಿಗೆಮನೆ. “ಬರ್ರಿ ಸರ, ಬಿಸಲಾಗ ಬಂದೀರಿ. ಮೊದಲ ನೀರ ಕುಡೀರಿ,” ಎಂದು ಕಂಬಳಿ ಹಾಸಿ ಕೂಡಿಸಿದರು. ಗಿರ್ಮಿಟ್ಟೂ ಚಹಾವೂ ಬಂದವು. ಗೆಳೆಯರ ಕಣ್ಣು ಮಾತ್ರ ಪಡಸಾಲೆಯ ಮೂಲೆಯಲ್ಲಿತ್ತು.

ಅಲ್ಲಿ ನಿಂತಿದ್ದುದನ್ನು ಪೆಟ್ಟಿಗೆಯೆನ್ನಲಾಗದು. ಎದೆಮಟ್ಟದ ಒಂದು ಹಲಗೆ. ಅದರಲ್ಲಿ ದುಂಡನೆಯ ಎರಡು ಕಿಂಡಿಗಳು, ಹಿಂಬದಿ ಬಯಲು. ಬ್ರಿಗ್ಸ್ ಮಾರುತ್ತಿದ್ದ ಮಾದರಿಯೊಂದರ ಅನುಕರಣ ಅದು. ಶಂಕು ಮುಂದಕ್ಕೆ ದೂಡಿದ ಗಾಳಿಯನ್ನು ಅದರ ಬೆನ್ನಿನ ಗಾಳಿ ಸುತ್ತಿ ಬಂದು ನುಂಗಿದರೆ ಮಂದ್ರದ ದನಿ ಸತ್ತುಹೋಗುತ್ತದೆ. ಆದ್ದರಿಂದ ನಡುವೆ ಅಗಲವಾದ ಹಲಗೆ ಬೇಕು. ಆದರೆ ಹಲಗೆ ತಾನೂ ನಡುಗಿ ತನ್ನದೊಂದು ದನಿ ಸೇರಿಸುತ್ತದೆ. ಆ ನಡುಕವನ್ನು ಕೊಲ್ಲಲು ಬ್ರಿಗ್ಸ್ ಕಂಡುಕೊಂಡ ಉಪಾಯ ಬಲು ಸರಳ: ಎರಡು ಪ್ಲೈವುಡ್ ಹಲಗೆಗಳ ನಡುವೆ ಒಣ ಮರಳನ್ನು ತುಂಬುವುದು. ಕಣಕ್ಕೆ ಕಣ ಉಜ್ಜಿ ನಡುಕ ಅಲ್ಲಿಯೇ ಕರಗುತ್ತದೆ.

“ವರದಾ ಹೊಳಿ ಉಸುಕರಿ,” ಎಂದರು ಹಿರಿಯರು. “ತೊಳದ, ಒಣಗಿಸಿ, ಜರಡಿ ಹಿಡದ ತುಂಬೇನಿ. ಎರಡ ಚೀಲ ಹಿಡದೈತಿ.”

ಧ್ವನಿವರ್ಧಕಗಳನ್ನು ಅವರು ೧೯೭೪ರಲ್ಲಿ ಮುಂಬಯಿಯ ಚೋರ್ ಬಜಾರಿನಲ್ಲಿ ಕೊಂಡರಂತೆ. ಎರಡು ತಿಂಗಳ ಪಗಾರ ಅದಕ್ಕೇ ಸಂದಿತಂತೆ. ಆಂಪ್ಲಿಫೈಯರನ್ನು ತಾವೇ ಕಟ್ಟಿದರು. ಅದರ ವಾಲ್ವುಗಳು ಬೆಂಗಳೂರಿನ ಬಿ.ಇ.ಎಲ್. ಕಾರ್ಖಾನೆಯವು. ಹಲಗೆಯ ಬೆನ್ನಿಗೆ, ಮೇಲ್ಮುಖವಾಗಿ ಕೂಡಿಸಿದ ಮೂರನೆಯದೊಂದು ಪುಟ್ಟ ಧ್ವನಿವರ್ಧಕವಿತ್ತು. ತಾರದ ಸೂಕ್ಷ್ಮ ದನಿಗಳು ಅದರ ಪಾಲು. ಗೆಳೆಯರು ಕಿವಿ ಹಚ್ಚಿ ನೋಡಿ ಮುಖ ಸಪ್ಪಗೆ ಮಾಡಿದರು, ಅದು ಮೂಕವಾಗಿತ್ತು.

“ಅದು ಸತ್ತು ಭಾಳ ವರ್ಷ ಆತ್ರಿ,” ಹಿರಿಯರು ನಕ್ಕರು. “ನನಗ ಗೊತ್ತ ಆಗಲಿಲ್ಲ. ಮೊಮ್ಮಗಳು ಹೇಳಿದ್ಲು, ಅಜ್ಜಾ, ತಂಬೂರಿ ಮಂಕ ಆಗೇತಿ ಅಂತ. ಆ ಸಣ್ಣ ದನಿ ನನ್ನ ಕಿವಿಗೆ ಅಷ್ಟರಾಗ ಬಂದ ಆಗಿತ್ತು.”

ಬಳಿಕ ತಟ್ಟೆಗಳು ಹೊರಬಂದವು. ಗಂಗೂಬಾಯಿ ಹಾನಗಲ್ಲರು ಎಳವೆಯಲ್ಲಿ ‘ಗಾಂಧಾರಿ’ ಎಂಬ ಹೆಸರಿನಿಂದ ಎಚ್.ಎಂ.ವಿ.ಗೆ ಹಾಡಿಕೊಟ್ಟ ಒಂದು ಹಳೆಯ ತಟ್ಟೆ ಮೊದಲು. ಅದು ತೆಳುವಾದ, ಎತ್ತರದ, ಎಳೆಯ ಹೆಣ್ಣುದನಿ. ಅನಂತರ ಹಿರಿಯರು ಸೂಜಿಯನ್ನು ತಿರುಗಿಸಿ, ವೇಗ ತಗ್ಗಿಸಿ, ಎಷ್ಟೋ ವರ್ಷಗಳ ತರುವಾಯದ ಎಲ್.ಪಿ. ಒಂದನ್ನು ಇಟ್ಟರು. ಗಂಟಲಿನ ಚಿಕಿತ್ಸೆಯ ಬಳಿಕ ಆ ತಾಯಿಯ ದನಿ ಗಂಡುದನಿಯಂತೆ ದಪ್ಪವಾಯಿತೆಂಬುದನ್ನು ನಾನು ಓದಿ ಬಲ್ಲೆ, ಕೇಳಿಯೂ ಬಲ್ಲೆ. ಆದರೆ ನನ್ನ ಕೈಯ ಫೋನಿನಲ್ಲಿ ಕೇಳುವಾಗ ಆ ದನಿಗೆ ಮೈ ಇರಲಿಲ್ಲ. ಇಲ್ಲಿ ಷಡ್ಜ ಹಚ್ಚಿದಾಗ ಕೋಣೆಯೊಳಗೆ ಒಬ್ಬರು ಬಂದು ಕುಳಿತಂತಾಯಿತು. ಅವರು ಉಸಿರು ತೆಗೆದುಕೊಂಡದ್ದು ಕೇಳಿಸಿತು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಬಳಿ ಕಲಿತ ದನಿ ಅದು. ಕುಂದಗೋಳ ಇಲ್ಲಿಂದ ದೂರವೇನೂ ಅಲ್ಲ.

ಇದು ಹಳೆಯದರ ಮೋಹವಷ್ಟೆಯೇ? ನಾನು ಕೇಳಿಯೇಬಿಟ್ಟೆ. ಗೆಳೆಯರು ಪ್ರಾಮಾಣಿಕರು. ಅಳತೆಯ ಯಂತ್ರವಿಟ್ಟು ನೋಡಿದರೆ ಇಂದಿನ ಸಾಧಾರಣ ಬೆಲೆಯ ಧ್ವನಿವರ್ಧಕವೂ ಇದಕ್ಕಿಂತ ಸಮತೋಲವಾಗಿ ನುಡಿಯುತ್ತದೆಂದು ಒಪ್ಪಿಕೊಂಡರು. ಹಗುರವಾದ ಕಾಗದದ ಶಂಕು, ಬಲವಾದ ಅಯಸ್ಕಾಂತ, ನಡುಗದ ಹಲಗೆ: ಇವು ಮನುಷ್ಯಕಂಠಕ್ಕೆ ಒಗ್ಗಿದವು, ಹೆಚ್ಚಿನದನ್ನು ತಾನು ಹೇಳಲಾರೆ ಎಂದರು. ನನಗೆ ತೋರಿದ್ದು ಬೇರೆ. ಮಣ್ಣಿನ ಗೋಡೆ, ಮೇಲೆ ಮರದ ತೊಲೆ, ಕೆಳಗೆ ಕಂಬಳಿ, ಮೂಲೆಯಲ್ಲಿ ಜೋಳದ ಚೀಲಗಳು. ದನಿ ಎಲ್ಲಿಯೂ ಬಡಿದು ಮರುಳುತ್ತಿರಲಿಲ್ಲ. ಅದೇ ಹೊತ್ತಿಗೆ ಎಲ್ಲಿಂದಲೋ ಕಹಳೆಯಾಕಾರದ ಧ್ವನಿವರ್ಧಕವೊಂದು ಊರಿಗೆಲ್ಲ ಕೇಳುವಂತೆ ಭಜನೆ ಆರಂಭಿಸಿತು. ಅದರ ಕೆಲಸ ದೂರ ಮುಟ್ಟುವುದು. ಅದಕ್ಕೆ ಮಂದ್ರ ಬೇಕಿಲ್ಲ. ಹಿರಿಯರು ಸೂಜಿಯನ್ನೆತ್ತಿ ಭಜನೆ ಮುಗಿಯುವವರೆಗೆ ಸುಮ್ಮನೆ ಕುಳಿತರು.

ವ್ಯಾಪಾರದ ಮಾತನ್ನು ಎತ್ತಿದವರು ಅವರ ಮಗ. ಬೇಸಿಗೆಯಲ್ಲಿ ಈ ಮನೆ ಕೆಡವಿ ಆರ್.ಸಿ.ಸಿ. ಮನೆ ಕಟ್ಟಿಸುವುದು ನಿಶ್ಚಯವಾಗಿದೆ. ಮಳೆಗಾಲದಲ್ಲಿ ಸೋರುವ ಮಾಳಿಗೆಯ ಕೆಳಗೆ ಮಕ್ಕಳನ್ನು ಮಲಗಿಸುವವರ ಕಷ್ಟ ಅವರಿಗೇ ಗೊತ್ತು. ಹಾಡು ಕೇಳಲು ಬಂದ ನಾವು ಆಡುವ ಮಾತಲ್ಲ. ಬೆಂಗಳೂರಿನ ಒಬ್ಬರು ಈಗಾಗಲೇ ಬೆಲೆ ಹೇಳಿದ್ದಾರೆ. ಆದರೆ ಒಂಟಿಯಾದುದರಿಂದ ಕಡಿಮೆ ಹೇಳಿದ್ದಾರೆ. ನನ್ನ ಗೆಳೆಯರಿಗಾದರೋ ಒಂಟಿಯೇ ಬೇಕು.

ಗೆಳೆಯರು ಕಿಸೆಗೆ ಕೈ ಹಾಕುವರೆಂದು ನಾನು ಕಾದೆ. ಹಿರಿಯರೂ ಕಾದರು. “ಒಯ್ಯೋದಾದ್ರ ಮೊದಲ ಉಸುಕ ತಗೀಬೇಕ್ರಿ. ಇಲ್ಲಾಂದ್ರ ನಾಕ ಆಳಿಗೂ ಎತ್ತಾಕ ಆಗಂಗಿಲ್ಲ,” ಎಂದರು. ಮೂರ್ತಿ ಕೀಳುವ ಕೆಲಸದ ವಿವರ ಕೊಡುವಂತೆ ಮೆಲ್ಲಗೆ, ಒಂದೊಂದಾಗಿ, ಯಾವ ತಿರುಪು ಮೊದಲು, ಯಾವುದು ಅನಂತರ ಎಂದು ತೋರಿಸಿದರು.

“ಮನಿ ಕೆಡವೂ ತನಕ ಇರಲ್ರಿ ಅಜ್ಜಾರ,” ಎಂದರು ಗೆಳೆಯರು. “ಆಮೇಲೆ ನೋಡೂಣು.”

ಅನಂತರ ಅವರು ಚೀಲದಿಂದ ಅಳತೆಯ ಪಟ್ಟಿಯನ್ನು ತೆಗೆದರು. ಅಳೆದದ್ದು ಧ್ವನಿವರ್ಧಕವನ್ನಲ್ಲ. ಪಟ್ಟಿಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಮೂಲೆಯಿಂದ ಮೂಲೆಗೆ ನಡೆದು, ಪುಸ್ತಕದಲ್ಲಿ ಬರೆದುಕೊಂಡರು: ಉದ್ದ ೧೮ ಅಡಿ, ಅಗಲ ೧೧, ತೊಲೆಯವರೆಗೆ ಎತ್ತರ ಒಂಬತ್ತೂವರೆ. ಹಿರಿಯರು ಬಾಗಿಲಲ್ಲಿ ನಿಂತು ನೋಡುತ್ತಿದ್ದು, “ಗ್ವಾಡಿ ದಪ್ಪಾನೂ ಬರಕೋರಿ. ಎರಡ ಅಡಿ ಐತಿ,” ಎಂದರು.