ಮಣ್ಣಿನ ಲೆಕ್ಕ, ಕಲ್ಲಿನ ಹೆಸರು

ಬ್ಯಾಂಕಿನ ಗುಮಾಸ್ತನಿಗೂ ಸುಮೇರಿಯಾಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ. ಸುಮಾರು 5,000 ವರ್ಷಗಳ ಹಿಂದೆ ಉರುಕ್ ನಗರದಲ್ಲಿ ಹಸಿಮಣ್ಣಿನ ಹಲಗೆಯ ಮೇಲೆ ಮೊದಮೊದಲು ಗೀರಿದ್ದು ಕಾವ್ಯವನ್ನಲ್ಲ. ಬಾರ್ಲಿ ಎಷ್ಟು, ಕುರಿ ಎಷ್ಟು ಎಂಬ ಲೆಕ್ಕವನ್ನು. ಬಿ.ಎ.ಯಲ್ಲಿ ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಈ ಸಂಗತಿ, ಕೌಂಟರಿನಲ್ಲಿ ಕೂತ ಮೇಲೆ ಆಪ್ತವಾಯಿತು. ನಮ್ಮ ಕುಲದ ಮೂಲಪುರುಷರು ಅವರೇ!

ಲೆಕ್ಕಕ್ಕೆ ಹುಟ್ಟಿದ ಅದೇ ಬರಹದಲ್ಲಿ ಮುಂದೆ ಗಿಲ್ಗಮೆಶ್ ರಾಜನ ಕಥೆಯೂ ಮೂಡಿತು. ಗೆಳೆಯ ಎಂಕಿಡು ಸತ್ತಾಗ ದಿಕ್ಕೆಟ್ಟ ಅರಸ ಸಾವಿಲ್ಲದ ಬದುಕನ್ನು ಹುಡುಕಿ ಹೊರಡುತ್ತಾನೆ. ಮುಪ್ಪು ಕಳೆಯುವ ಗಿಡ ಕೈಗೆ ಸಿಕ್ಕರೂ ಹಾವು ಕದ್ದೊಯ್ಯುತ್ತದೆ. ಬರಿಗೈಯಲ್ಲಿ ಊರಿಗೆ ಮರಳುತ್ತಾನೆ.

ಈ ಸಂಕಟವನ್ನು ಕಾಣಲು ಅಷ್ಟು ದೂರ ಹೋಗಬೇಕಿಲ್ಲ. 1965ರವರೆಗೆ ಧರ್ಮಪುರಿ, ಕೃಷ್ಣಗಿರಿ ಎಲ್ಲ ನಮ್ಮ ಸೇಲಂ ಜಿಲ್ಲೆಯೇ. ಅಲ್ಲಿನ ಮಲ್ಲಚಂದ್ರಂ ಗುಡ್ಡದಲ್ಲಿ ಸತ್ತವರಿಗಾಗಿ ಚಪ್ಪಡಿ ನಿಲ್ಲಿಸಿ ಕಟ್ಟಿದ ಮನೆಗಳಿವೆ. ಬದುಕಿದ್ದವರ ಮನೆಗಳು ಮಣ್ಣಾದವು, ಸತ್ತವರ ಮನೆಗಳು ನಿಂತಿವೆ. ಹತ್ತಿರದ ಮಯಿಲಾಡುಂಪಾರೈಯಲ್ಲಿ ಸಿಕ್ಕ ಕಬ್ಬಿಣ ಕ್ರಿ.ಪೂ. 2172ರದು ಎಂದು 2022ರಲ್ಲಿ ಪ್ರಕಟವಾಯಿತು. ಹರಪ್ಪದ ಜನ ಕಂಚು ಬಳಸುತ್ತಿದ್ದ ಕಾಲವದು.

ನನ್ನನ್ನು ಹೆಚ್ಚು ಕಾಡುವುದು ವೀರಗಲ್ಲುಗಳು. ತಮಿಳರು ನಡುಕಲ್ ಎನ್ನುತ್ತಾರೆ. ದನ ಕಾಯಲು ಹೋಗಿ, ತುರುಗೋಳಿನಲ್ಲಿ ಸತ್ತವನ ಹೆಸರು ಅಳಿಯದಿರಲಿ ಎಂದು ಊರು ನೆಟ್ಟ ಕಲ್ಲು. ರಾಜನಿಗೆ ಸಿಗದ ಗಿಡ ದನಗಾಹಿಗೆ ಸ್ವಲ್ಪ ಸಿಕ್ಕಿತು ಎನ್ನೋಣವೆ?

ಧರ್ಮಪುರಿಯ ವಸ್ತುಸಂಗ್ರಹಾಲಯದಲ್ಲಿ ಅಂಥ ಕಲ್ಲುಗಳಿವೆ. ಹತ್ತನೆಯ ತರಗತಿಯ ಮಗನನ್ನು ಕರೆದುಕೊಂಡು ಹೋಗಿದ್ದೆ. ಫಲಕದ ತಮಿಳನ್ನು ಅವನು ಸರಾಗವಾಗಿ ಓದಿದ. ಕಲ್ಲಿನ ವಟ್ಟೆಳುತ್ತು ಇಬ್ಬರಿಗೂ ಬಾರದು.

"ಅಪ್ಪಾ, ಈ ಸೀಮೆ ಆಗ ನಮ್ದಾ, ಅವರ್ದಾ?"

"ದನಕ್ಕೆ ಬಡಿದಾಡಿದೋರು ಎರಡು ಮಾತಿನೋರೂ ಇದ್ದಿರಬೇಕು ಕಣೋ" ಎಂದೆ. ಶಕ 815ರಲ್ಲಿ, ಅಂದರೆ ಕ್ರಿ.ಶ. 893ರಲ್ಲಿ, ಮಹೇಂದ್ರ ನೊಳಂಬನ ಕಾಲಕ್ಕೆ ಇದೇ ಧರ್ಮಪುರಿಯ ಕಂಬದಲ್ಲಿ ಬಸದಿಯ ದತ್ತಿಯನ್ನು ಕನ್ನಡದಲ್ಲಿ ಕೆತ್ತಿದರೆಂದೂ ಹೇಳಿದೆ. ಅವನಿಗೆ ಅಚ್ಚರಿ. ಅದೂ ಒಂದು ಲೆಕ್ಕಪತ್ರವೇ ಎಂದು ನನಗೆ ಒಳಗೊಳಗೇ ಹೆಮ್ಮೆ.

ಕಾಸರಗೋಡಿನ ನಿಮಗೆ ಇದೇನೂ ಹೊಸದಲ್ಲ. ಮನೆಮಾತು ನಾಲಗೆಯಲ್ಲಿ ಉಳಿಯುತ್ತದೆ, ಕೈಯಿಂದ ಜಾರುತ್ತದೆ. ನನ್ನ ತಾಯಿ ಹಣ ತೆಗೆಯುವ ಚೀಟಿಗೆ ಇಂದಿಗೂ ಕನ್ನಡದಲ್ಲೇ ರುಜು ಹಾಕುತ್ತಾರೆ. ಮಗನ ಖಾತೆ ತೆರೆದಾಗ ಅವನು ಹಾಕಿದ್ದು ತಮಿಳಿನಲ್ಲಿ. ಈಚೆಗೆ ಸಂಜೆ ಅಜ್ಜಿಯ ಪಕ್ಕ ಕೂತು ಅಕ್ಷರ ತಿದ್ದುತ್ತಿದ್ದಾನೆ. 'ಳ' ಬರೆಯುವಾಗ ಕೈ ಇನ್ನೂ ತಮಿಳಿಗೇ ತಿರುಗುತ್ತದೆ.